ಡಬ್ಬಿಯ ನಾರು, ತಟ್ಟೆಯ ನಾರು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು 2004ರಲ್ಲಿ ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು ಫೋನ್ ಮಾಡಿ, ‘ಕಂಪ್ಯೂಟರ್ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ, ಮಕ್ಕಳಿಗೆ ಉಪಯೋಗ ಆಗುತ್ತೆ’ ಅಂದರು. ನಾನು, ‘ಬೇರೆ ವಿಷಯ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ’ ಅಂದೆ. ಆ ವಿಷಯ ನಾರು. ಹಗ್ಗ ಹೊಸೆಯುವ ತೆಂಗಿನ ನಾರಲ್ಲ, ನಾವು ತಿನ್ನುವ ಆಹಾರದಲ್ಲಿರುವ ನಾರು. ನಾನು ಡಾಕ್ಟರಲ್ಲ. ಒಂದು ತಪ್ಪು ಮಾಡಿ, ಆ ತಪ್ಪು ಯಾಕಾಯಿತು ಎಂದು ತಿಳಿಯಲು ಕೂತು ಓದಿದ ಒಬ್ಬ ಮಗ, ಅಷ್ಟೆ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಆಗಬೇಕು. ಈ ಮೇಜಿನ ಮೇಲೆ ನಾಲ್ಕು ಗಾಜಿನ ಲೋಟಗಳಲ್ಲಿ ನೀರಿದೆ. ಒಂಬತ್ತನೇ ತರಗತಿಯ ನಾಲ್ವರು ಬಂದಿದ್ದಾರೆ. ಒಂದನೆಯ ಲೋಟಕ್ಕೆ ಎರಡು ಚಮಚ ಇಸಬ್‌ಗೋಲ್ ಹೊಟ್ಟು, ಎರಡನೆಯದಕ್ಕೆ ಎರಡು ಚಮಚ ಮೆಂತ್ಯದ ಪುಡಿ, ಮೂರನೆಯದಕ್ಕೆ ನಾನು ತಂದಿರುವ ಡಬ್ಬಿಯ ಪುಡಿ, ನಾಲ್ಕನೆಯದಕ್ಕೆ ಗೋಧಿ ಬೂಸಾ. ಹಾಕಿ, ಚೆನ್ನಾಗಿ ಕದಡಿ ಬಿಟ್ಟುಬಿಡಿ ಮಕ್ಕಳೇ. ಮಾತು ಮುಗಿಯುವಾಗ ಇದನ್ನು ನೋಡೋಣ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಅಪ್ಪನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಅವರು ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ಅಪ್ಪನಿಗೆ ಹದಿಮೂರು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ ಮಾತ್ರೆ, ವರ್ಷಕ್ಕೆರಡು ಸಲ ರಕ್ತಪರೀಕ್ಷೆ, ಹೇಗೋ ನಡೆಯುತ್ತಿತ್ತು. ಮೂರು ವರ್ಷದ ಹಿಂದೆ ಒಂದು ಸಲ ಶುಗರ್ ಸ್ವಲ್ಪ ಜಾಸ್ತಿ ಬಂತು, ಕೊಲೆಸ್ಟ್ರಾಲೂ ಏರಿತ್ತು. ನಾನು ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಸುಮಾರು 1,400 ರೂಪಾಯಿಯ ಒಂದು ಡಬ್ಬಿ ಸಿಕ್ಕಿತು. ‘ಆಹಾರದ ನಾರು, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ನಿಯಂತ್ರಣಕ್ಕೆ, ರುಚಿಯಿಲ್ಲ, ವಾಸನೆಯಿಲ್ಲ, ನೀರಿನಲ್ಲಿ ಪೂರ್ತಿ ಕರಗುತ್ತದೆ’ ಅಂತ ಬರೆದಿತ್ತು. ಅಪ್ಪನಿಗೆ ಇಸಬ್‌ಗೋಲ್ ಲೋಳೆ ಲೋಳೆ ಅಂತ ಸೇರುತ್ತಿರಲಿಲ್ಲ. ಕರಗುವ ಪುಡಿ ಇನ್ನೂ ಒಳ್ಳೆಯದು ಅಂದುಕೊಂಡು ತರಿಸಿ ಕಳಿಸಿದೆ. ಫೋನಿನಲ್ಲಿ, ‘ಇದು ಶುಗರ್‌ಗೆ ಬಹಳ ಒಳ್ಳೇದಪ್ಪ, ದಿನಾ ಮಜ್ಜಿಗೇಲಿ ಹಾಕ್ಕೊಂಡು ಕುಡಿ’ ಅಂದೆ. ‘ಮಾತ್ರೆ ಬಿಡಬೇಡ’ ಎಂಬ ಎರಡು ಪದ ಮಾತ್ರ ಹೇಳಲಿಲ್ಲ. ಅದನ್ನೂ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅಪ್ಪ ಮಾತ್ರೆ ಬಿಟ್ಟರು. ಎರಡು ತಿಂಗಳ ಮೇಲೆ ತೋಟದಲ್ಲಿ ಎಡಗಾಲಿಗೆ ತೆಂಗಿನ ಗರಿಯ ಮೊನೆ ಚುಚ್ಚಿತು. ಅರಿಶಿನ ಹಚ್ಚಿ ಸುಮ್ಮನಾದರು. ಗಾಯ ಒಣಗಲಿಲ್ಲ. ನಾನು ಹಬ್ಬಕ್ಕೆ ಬಂದಾಗ ಕಾಲು ಊದಿತ್ತು. ಆಸ್ಪತ್ರೆಯಲ್ಲಿ ನೋಡಿದರೆ ಬರೀ ಹೊಟ್ಟೆಯಲ್ಲಿ ಶುಗರ್ 386. ಕಿರುಬೆರಳು ತೆಗೆಯಬೇಕಾಯಿತು. ಆ ರಾತ್ರಿ ವಾರ್ಡಿನಲ್ಲಿ ಕೇಳಿದೆ: ‘ಅಪ್ಪ, ಮಾತ್ರೆ ಯಾಕೆ ಬಿಟ್ಟೆ?’ ಅಪ್ಪ ಹೇಳಿದ್ದು ಇಷ್ಟೇ: ‘ನೀನೇ ಕಳ್ಸಿದ್ದಲ್ವೇನಪ್ಪ. ಇಂಜಿನಿಯರು. ಮಾತ್ರೆಗಿಂತ ಮೇಲಾದ್ದೇ ಕಳ್ಸಿರ್ತಾನೆ ಅಂದ್ಕೊಂಡೆ.’

ಓದಿದ ಮಕ್ಕಳ ಮಾತಿಗೆ ಊರಿನಲ್ಲಿ ಎಷ್ಟು ತೂಕ ಇರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಮಾತ್ರೆ ಬಿಟ್ಟದ್ದೇ ಮುಖ್ಯ ಕಾರಣ, ಅದರಲ್ಲಿ ಅನುಮಾನವಿಲ್ಲ. ಆದರೆ ಇನ್ನೊಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎರಡು ತಿಂಗಳು ತಪ್ಪದೆ ಕುಡಿದ ಆ ಪುಡಿ ಏನು ಮಾಡಿತು? ಅದೂ ನಾರೇ ತಾನೆ? ಉತ್ತರ ಹುಡುಕುತ್ತಾ ಹೋದವನು ಕೊನೆಗೆ ಬಂದು ನಿಂತದ್ದು ಇದೇ ಶಾಲೆಯ ಎಂಟನೇ ತರಗತಿಗೆ.

ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಅನ್ನದ ಗಂಜಿ ತಂದು ಅದಕ್ಕೆ ಒಂದು ಹನಿ ಅಯೋಡಿನ್ ಬಿಟ್ಟರು. ಗಂಜಿ ಕಡುನೀಲಿಯಾಯಿತು. ‘ಇದು ಪಿಷ್ಟ. ಗ್ಲೂಕೋಸ್ ಎಂಬ ಮಣಿಗಳನ್ನು ಪೋಣಿಸಿದ ಸರ’ ಅಂದರು. ಆಮೇಲೆ ಒಂದು ಹತ್ತಿ ಉಂಡೆ ತೋರಿಸಿ, ‘ಇದರಲ್ಲೂ ಅದೇ ಮಣಿ. ಪೋಣಿಸಿದ ರೀತಿ ಮಾತ್ರ ಬೇರೆ. ಇದನ್ನು ತಿಂದರೆ ನಮಗೆ ದಕ್ಕೋದಿಲ್ಲ’ ಅಂದರು. ನಾವೆಲ್ಲ ನಕ್ಕಿದ್ದೆವು. ನಾರಿನ ವಿಷಯವೆಲ್ಲ ಆ ಮಾತಿನಲ್ಲೇ ಇದೆ. ಅನ್ನದ ಮಣಿಸರವನ್ನು ನಮ್ಮ ಜೀರ್ಣರಸ ಬಿಡಿಸಬಲ್ಲದು, ಮಣಿಗಳು ರಕ್ತಕ್ಕೆ ಸೇರುತ್ತವೆ, ಶುಗರ್ ಏರುತ್ತದೆ. ಹತ್ತಿಯ, ಸೊಪ್ಪಿನ ದಂಟಿನ, ಕಾಳಿನ ಸಿಪ್ಪೆಯ ಸರವನ್ನು ನಮ್ಮ ಜೀರ್ಣರಸ ಬಿಡಿಸಲಾರದು. ಹಾಗೆ ಬಿಡಿಸಲಾಗದೆ ದೊಡ್ಡ ಕರುಳಿನವರೆಗೆ ಹೋಗುವುದೇ ನಾರು.

ಆದರೆ ಎಲ್ಲ ನಾರೂ ಒಂದೇ ಕೆಲಸ ಮಾಡುವುದಿಲ್ಲ. ಒಂದು ಬಗೆಯದು ನೀರಿನಲ್ಲಿ ಕರಗುವುದೇ ಇಲ್ಲ. ಗೋಧಿ ಬೂಸಾ ಅಂಥದ್ದು. ಅದು ಹೊಟ್ಟೆ ಸರಾಗ ಮಾಡುತ್ತದೆ. ಎರಡನೆಯದು ನೀರು ಹೀರಿ ಲೋಳೆಯಾಗುತ್ತದೆ. ಇಸಬ್‌ಗೋಲ್, ನೆನೆಸಿದ ಮೆಂತ್ಯ, ಓಟ್ಸ್‌ನಲ್ಲಿರುವ ಬೀಟಾ ಗ್ಲೂಕಾನ್ ಅಂಥವು. ಮೂರನೆಯದು ಕರಗುತ್ತದೆ, ಲೋಳೆಯಾಗುವುದಿಲ್ಲ. ನಾನು ಕಳಿಸಿದ ಡಬ್ಬಿಯಲ್ಲಿದ್ದದ್ದು ಈ ಮೂರನೆಯದು.

ಆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ, ‘ಭಾಗಶಃ ಜಲವಿಭಜಿತ ಗ್ವಾರ್ ಗಮ್’ ಎಂಬ ಅರ್ಥದ ಇಂಗ್ಲಿಷ್ ಮಾತಿತ್ತು. ಗ್ವಾರ್ ಎಂದರೆ ಬೇರೇನೂ ಅಲ್ಲ, ನಮ್ಮ ಗೋರಿಕಾಯಿ. ಉತ್ತರ ಕರ್ನಾಟಕದವರು ಚವಳಿಕಾಯಿ ಅನ್ನುತ್ತಾರೆ. ಬಲಿತ ಗೋರಿಕಾಯಿ ಬೀಜದಿಂದ ತೆಗೆಯುವ ಅಂಟೇ ಗ್ವಾರ್ ಗಮ್. ಜಗತ್ತಿನ ಗ್ವಾರ್ ಬೆಳೆಯಲ್ಲಿ ಬಹುಪಾಲು ಭಾರತದ್ದು, ಅದರಲ್ಲೂ ರಾಜಸ್ಥಾನದ್ದು. ಒಂದು ಚಮಚ ಹಾಕಿದರೆ ಒಂದು ಲೋಟ ನೀರು ಗಂಜಿಯ ಹಾಗೆ ಗಟ್ಟಿಯಾಗುತ್ತದೆ. ಕುಡಿಯುವುದು ಕಷ್ಟ. ಅದಕ್ಕೇ ಕಾರ್ಖಾನೆಯಲ್ಲಿ ಕಿಣ್ವ ಹಾಕಿ ಅದರ ಉದ್ದ ಸರವನ್ನು ತುಂಡು ತುಂಡು ಮಾಡುತ್ತಾರೆ. ಆಗ ಅದು ತಿಳಿಯಾಗಿ ಕರಗುತ್ತದೆ. ಹೀಗೆ ರೂಪ ಬದಲಿಸಿದ ನಾರುಗಳನ್ನು ಮಾರ್ಪಡಿಸಿದ ನಾರು ಅನ್ನುತ್ತಾರೆ.

ಹಾಗೆ ತುಂಡು ಮಾಡಿದಾಗ ಏನು ಕಳೆದುಹೋಗುತ್ತದೆ ಎಂಬುದನ್ನು ನಾನು ಹುಟ್ಟುವ ಮೊದಲೇ ಪರೀಕ್ಷೆ ಮಾಡಿ ನೋಡಿದ್ದರು. 1978ರಲ್ಲಿ ಡೇವಿಡ್ ಜೆಂಕಿನ್ಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬರೆದರು. ಮುಂದೆ 1981ರಲ್ಲಿ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆಯನ್ನು ತಂದವರೂ ಇವರೇ. ಆರೋಗ್ಯವಂತರಿಗೆ 50 ಗ್ರಾಂ ಗ್ಲೂಕೋಸ್ ಕುಡಿಸಿದರು. ಒಂದು ಸಲ ಬರೀ ಗ್ಲೂಕೋಸ್, ಇನ್ನೊಂದು ಸಲ ಅದರ ಜೊತೆ ಬೇರೆ ಬೇರೆ ನಾರು. ಯಾವ ನಾರು ಹೆಚ್ಚು ಗಟ್ಟಿಯಾದ ಲೋಳೆ ಕೊಡುತ್ತದೋ ಅದು ರಕ್ತದ ಸಕ್ಕರೆಯ ಏರಿಕೆಯನ್ನು ಹೆಚ್ಚು ತಗ್ಗಿಸಿತು. ಎಲ್ಲಕ್ಕಿಂತ ಮುಂದೆ ಇದ್ದದ್ದು ಗ್ವಾರ್ ಗಮ್. ಆಮೇಲೆ ಅದೇ ಗ್ವಾರನ್ನು ಒಡೆದು, ಲೋಳೆ ಹೋಗುವಂತೆ ಮಾಡಿ ಕೊಟ್ಟರು. ಆ ಗುಣ ಹೊರಟೇ ಹೋಯಿತು.

ಇದನ್ನು ಓದಿದ ದಿನ ನಾನು ಆಫೀಸಿನಲ್ಲಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಯಾವ ಗುಣ ನೋಡಿ ಡಬ್ಬಿ ಕೊಂಡೆನೋ, ಕುಡಿಯೋಕೆ ಸಲೀಸು, ಪೂರ್ತಿ ಕರಗುತ್ತದೆ ಅಂತ, ಅದೇ ಅದರ ಕೊರತೆಯಾಗಿತ್ತು.

ಲೋಳೆ ಮಾಡುವ ಕೆಲಸ ಎರಡು. ಊಟದ ಜೊತೆ ಅದು ಕರುಳಿನಲ್ಲಿದ್ದರೆ, ಜೀರ್ಣರಸ ಪಿಷ್ಟದ ಜೊತೆ ಬೆರೆಯುವುದು ನಿಧಾನ, ಗ್ಲೂಕೋಸ್ ಕರುಳಿನ ಗೋಡೆ ಮುಟ್ಟುವುದು ನಿಧಾನ. ಕೆರೆ ಕೋಡಿ ಹರಿದ ಹಾಗೆ ಒಮ್ಮೆಲೇ ನುಗ್ಗದೆ, ತೂಬಿನಲ್ಲಿ ಬಿಟ್ಟ ಹಾಗೆ ಬರುತ್ತದೆ. ಎರಡನೆಯದು ಕೊಲೆಸ್ಟ್ರಾಲ್. ನಮ್ಮ ಲಿವರ್ ಕೊಲೆಸ್ಟ್ರಾಲ್ ಬಳಸಿ ಪಿತ್ತದ ಆಮ್ಲ ತಯಾರಿಸುತ್ತದೆ. ಜಿಡ್ಡು ಕರಗಿಸಿದ ಮೇಲೆ ಅದರ ಬಹುಪಾಲು ಕರುಳಿನ ಕೊನೆಯಿಂದ ಮತ್ತೆ ಲಿವರಿಗೇ ವಾಪಸಾಗುತ್ತದೆ. ಲೋಳೆ ಅದರಲ್ಲಿ ಸ್ವಲ್ಪವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಕಡಿಮೆಯಾದದ್ದನ್ನು ಮತ್ತೆ ತಯಾರಿಸಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಅದು ಇಳಿಯುತ್ತದೆ. ಎರಡೂ ಕೆಲಸಕ್ಕೆ ಬೇಕಾದದ್ದು ಲೋಳೆ.

ಹಾಗಂತ ಮಾರ್ಪಡಿಸಿದ ನಾರೆಲ್ಲ ಮೋಸ ಅನ್ನುವುದೂ ತಪ್ಪು. ಮಾರ್ಪಾಡಿನಿಂದ ಗುಣ ಬರುವುದೂ ಉಂಟು. ಮರದ ತಿರುಳಿನ ಸೆಲ್ಯುಲೋಸ್ ನೀರಿನಲ್ಲಿ ಕರಗದು. ಅದಕ್ಕೆ ಸಣ್ಣ ರಾಸಾಯನಿಕ ಗುಂಪುಗಳನ್ನು ಸೇರಿಸಿದರೆ ಅದು ಕರಗಿ ನೀರನ್ನು ಮಂದವಾಗಿಸುತ್ತದೆ. ಎಚ್‌ಪಿಎಂಸಿ ಎಂಬ ಅದನ್ನು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2016ರಲ್ಲಿ ನಾರು ಎಂದು ಒಪ್ಪಿಕೊಂಡಿತು. ನಮ್ಮ ಎಷ್ಟೋ ಮಾತ್ರೆಗಳ ಹೊದಿಕೆಯಲ್ಲೂ ಅದೇ ಇರುತ್ತದೆ. ಇನ್ನು ಮೆಕ್ಕೆಜೋಳದ ಪಿಷ್ಟವನ್ನು ಕಾಯಿಸಿ ಮಾಡುವ ಡೆಕ್ಸ್‌ಟ್ರಿನ್, ಬಿಸ್ಕತ್ತಿಗೆ ಹಾಕುವ ಪಾಲಿಡೆಕ್ಸ್‌ಟ್ರೋಸ್, ಇವು ಹೆಚ್ಚು ಲೋಳೆಯಾಗುವುದಿಲ್ಲ. ಆದರೆ ಮೈದಾ, ಸಕ್ಕರೆಯ ಜಾಗದಲ್ಲಿ ಇವನ್ನು ಹಾಕಿದರೆ ಅಷ್ಟು ಮೈದಾ, ಅಷ್ಟು ಸಕ್ಕರೆ ಕಡಿಮೆಯಾಗುತ್ತದೆ. ಲಾಭ ಅಲ್ಲಿದೆ. ಇದ್ದ ಊಟವನ್ನೆಲ್ಲ ಮಾಡಿ ಅದರ ಮೇಲೆ ಒಂದು ಚಮಚ ಕುಡಿದರೆ ಆ ಲಾಭ ಸಿಗದು. ನಮ್ಮಪ್ಪ ಮಾಡಿದ್ದು, ನಾನು ಮಾಡಿಸಿದ್ದು, ಇದನ್ನೇ.

ಹಾಗಾದರೆ ಯಾವುದನ್ನು ನಂಬಬಹುದು? ಇಸಬ್‌ಗೋಲ್ ಬಗ್ಗೆ ಸಾಕಷ್ಟು ಪರೀಕ್ಷೆಗಳಾಗಿವೆ. ಗುಜರಾತ್, ರಾಜಸ್ಥಾನದಲ್ಲಿ ಬೆಳೆದು ಜಗತ್ತಿಗೆಲ್ಲ ಹೋಗುವ ಹೊಟ್ಟು ಅದು. ದಿನಕ್ಕೆ ಅದರ ಕರಗುವ ನಾರು 7 ಗ್ರಾಂ ಸೇರಿದರೆ ಹೃದಯಕ್ಕೆ ಒಳ್ಳೆಯದು ಎಂದು ಬರೆದುಕೊಳ್ಳಲು ಅಮೆರಿಕದಲ್ಲಿ 1998ರಿಂದ ಅನುಮತಿಯಿದೆ. ಓಟ್ಸ್‌ನ ಬೀಟಾ ಗ್ಲೂಕಾನ್‌ಗೆ 1997ರಿಂದ, ದಿನಕ್ಕೆ 3 ಗ್ರಾಂ. ಇಸಬ್‌ಗೋಲ್‌ನಿಂದ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವುದು ಸುಮಾರು ಶೇ. 5ರಿಂದ 10. ಅದು ಸಣ್ಣದಲ್ಲ, ಆದರೆ ಮಾತ್ರೆಯ ಜಾಗಕ್ಕೆ ಬರುವಷ್ಟು ದೊಡ್ಡದೂ ಅಲ್ಲ.

ಮೆಂತ್ಯದ ಲೋಳೆ ರಚನೆಯಲ್ಲಿ ಗೋರಿಕಾಯಿ ಅಂಟಿನ ದಾಯಾದಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್. ಡಿ. ಶರ್ಮ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಂತ್ಯ ತಿಂದ ರೋಗಿಗಳ ರಕ್ತದ ಸಕ್ಕರೆ, ಕೊಲೆಸ್ಟ್ರಾಲ್ ಎರಡೂ ಇಳಿದವು. ಆದರೆ ಅವರು ಕೊಟ್ಟದ್ದು ಎಷ್ಟು? ಕೊಬ್ಬಿನಂಶ ತೆಗೆದ ಮೆಂತ್ಯದ ಪುಡಿ ದಿನಕ್ಕೆ 100 ಗ್ರಾಂ. ನಾವು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ನುಂಗುವುದು ಅರ್ಧ ಚಮಚ. ನುಂಗುವುದು ತಪ್ಪಲ್ಲ, ಅದರಿಂದಲೇ ಶುಗರ್ ಇಳಿಯುತ್ತದೆ ಎಂದು ನೆಚ್ಚುವುದು ತಪ್ಪು.

ಈಗ ನಮ್ಮ ತಟ್ಟೆಗೆ ಬರೋಣ. ಪ್ಯಾಕೆಟ್ಟಿನ ಮೇಲೆ ‘ನಾರು ಸಮೃದ್ಧ’ ಅಂತ ಬರೆಯಬೇಕಾದರೆ ನಮ್ಮ ದೇಶದ ನಿಯಮದ ಪ್ರಕಾರ 100 ಗ್ರಾಂ ತಿನಿಸಿನಲ್ಲಿ 6 ಗ್ರಾಂ ನಾರು ಇದ್ದರೆ ಸಾಕು. ಪಾಲಿಶ್ ಅಕ್ಕಿಯಲ್ಲಿ 100 ಗ್ರಾಂಗೆ ಇರುವುದು ಸುಮಾರು 2.8 ಗ್ರಾಂ. ನಮ್ಮ ರಾಗಿಯಲ್ಲಿ ಸುಮಾರು 11 ಗ್ರಾಂ. ಆ ಲೆಕ್ಕದಲ್ಲಿ ಊರಿನ ಪ್ರತಿ ರಾಗಿ ಮೂಟೆಯ ಮೇಲೂ ಆ ಚೀಟಿ ಅಂಟಿಸಬಹುದು.

ಆದರೆ ಇಲ್ಲೂ ಒಂದು ಮಾತು ಹೇಳಬೇಕು, ಹಿರಿಯರು ಕೋಪ ಮಾಡಿಕೊಳ್ಳಬಾರದು. ಮುದ್ದೆ ತಿಂದರೆ ಶುಗರ್ ಏರುವುದೇ ಇಲ್ಲ ಎಂಬುದು ನಿಜವಲ್ಲ. ರಾಗಿಯ ನಾರಿನಲ್ಲಿ ಹೆಚ್ಚಿನದು ಕರಗದ ಬಗೆಯದು, ಲೋಳೆ ಕಡಿಮೆ. ಮಿಲ್ಲಿನಲ್ಲಿ ನುಣ್ಣಗೆ ಬೀಸಿ, ಜರಡಿ ಹಿಡಿದು, ಚೆನ್ನಾಗಿ ಬೇಯಿಸಿದ ಹಿಟ್ಟಿನ ಪಿಷ್ಟ ಬೇಗ ಜೀರ್ಣವಾಗುತ್ತದೆ. ರಾಗಿ ಒಳ್ಳೆಯದೇ, ಅದರಲ್ಲಿ ಕ್ಯಾಲ್ಸಿಯಂ ಕೂಡ ಧಾರಾಳವಾಗಿದೆ. ಆದರೆ ಮುದ್ದೆಯ ಗಾತ್ರ ಮುಖ್ಯ, ಜೊತೆಗೇನಿದೆ ಎಂಬುದೂ ಮುಖ್ಯ. ಸೊಪ್ಪಿನ ಸಾರು, ಹುರಳಿಕಾಳು, ಅವರೆಕಾಳು, ಗೋರಿಕಾಯಿ ಪಲ್ಯ ಇದ್ದ ಮುದ್ದೆ ಬೇರೆ. ಬರೀ ತಿಳಿಸಾರಿನಲ್ಲಿ ನುಂಗಿದ ಎರಡು ದಪ್ಪ ಮುದ್ದೆ ಬೇರೆ.

ತಂಗಳನ್ನದ ಬಗ್ಗೆಯೂ ಈಗ ಬಹಳ ಕೇಳುತ್ತೇವೆ. ಬೆಂದ ಅನ್ನ ತಣ್ಣಗಾದಾಗ ಅದರ ಪಿಷ್ಟ ಸ್ವಲ್ಪ ಗಟ್ಟಿಕಟ್ಟಿ ನಾರಿನಂತೆ ವರ್ತಿಸುವುದು ನಿಜ. 2015ರಲ್ಲಿ ಇಂಡೋನೇಷ್ಯಾದ ಸಂಶೋಧಕರು ಅಳೆದು ನೋಡಿದಾಗ, ಬಿಸಿ ಅನ್ನದಲ್ಲಿ 100 ಗ್ರಾಂಗೆ 0.64 ಗ್ರಾಂ ಇದ್ದ ಇಂಥ ಪಿಷ್ಟ, ಒಂದು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ ಆಗಿತ್ತು. ಅದನ್ನು ತಿಂದವರ ಸಕ್ಕರೆಯೂ ಕಡಿಮೆ ಏರಿತು. ಆದರೂ ಹೆಚ್ಚಾದದ್ದು ಒಂದು ಗ್ರಾಂ. ತಂಗಳು ಅಂತ ಎರಡು ಪಟ್ಟು ತಿಂದರೆ ಲೆಕ್ಕ ತಲೆಕೆಳಗಾಗುತ್ತದೆ. ಬೇಸಿಗೆಯಲ್ಲಿ ಹೊರಗಿಟ್ಟ ಅನ್ನ ಕೆಟ್ಟು ಹೊಟ್ಟೆ ಹಾಳು ಮಾಡುವ ಅಪಾಯ ಬೇರೆ.

ಇದು ನಮ್ಮೊಬ್ಬರ ಮನೆಯ ಮಾತಲ್ಲ. ಐಸಿಎಂಆರ್ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಕಳೆದ ವರ್ಷದ ಆಫೀಸಿನ ತಪಾಸಣೆಯಲ್ಲಿ ನಾನೂ ಹೊಸ್ತಿಲಿನವನೇ ಎಂದು ಗೊತ್ತಾಯಿತು. ಹಾಗಾಗಿ ಈಗ ಅಪ್ಪ ಮಗ ಇಬ್ಬರದೂ ಒಂದೇ ಪಥ್ಯ. ಅನ್ನ ಅರ್ಧಕ್ಕೆ ಇಳಿಸಿದ್ದೇವೆ, ಆ ಜಾಗಕ್ಕೆ ಕಾಳು, ಪಲ್ಯ ಬಂದಿದೆ. ಮೊದಲು ಪಲ್ಯ, ಕಾಳು, ಆಮೇಲೆ ಮುದ್ದೆ, ಅನ್ನ. ಅಪ್ಪ ಡಾಕ್ಟರನ್ನು ಕೇಳಿ ಇಸಬ್‌ಗೋಲ್ ತೆಗೆದುಕೊಳ್ಳುತ್ತಾರೆ, ಮುಖ ಕಿವುಚಿಕೊಂಡೇ. ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸುವುದಿಲ್ಲ.

ನೀವು ಮರೆಯಬಾರದ ನಾಲ್ಕು ಮಾತು ಹೇಳುತ್ತೇನೆ. ಒಂದು, ಯಾವ ನಾರೂ ಮಾತ್ರೆಗೆ, ಇನ್ಸುಲಿನ್‌ಗೆ ಬದಲಿಯಲ್ಲ. ಎರಡು, ಇಸಬ್‌ಗೋಲನ್ನು ತುಂಬಿದ ಲೋಟ ನೀರಿನಲ್ಲಿ ಕಲಸಿದ ಕೂಡಲೇ ಕುಡಿಯಬೇಕು, ಒಣಪುಡಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ತೊಂದರೆ ಇರುವವರು, ಕರುಳಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮೂರು, ಲೋಳೆ ಮಾತ್ರೆಯನ್ನೂ ಹಿಡಿದಿಟ್ಟುಕೊಳ್ಳಬಹುದು, ಆದ್ದರಿಂದ ಎರಡರ ನಡುವೆ ಎರಡು ಗಂಟೆ ಅಂತರ ಇರಲಿ. ನಾಲ್ಕು, ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ನಿಧಾನವಾಗಿ ಹೆಚ್ಚಿಸಿ.

ಮಕ್ಕಳೇ, ಈಗ ಲೋಟಗಳನ್ನು ಒಂದೊಂದಾಗಿ ವಾಲಿಸಿ ತೋರಿಸಿ. ಒಂದನೆಯದು ನೋಡಿ, ಇಸಬ್‌ಗೋಲ್ ಮುದ್ದೆಯಾಗಿ ಕೂತಿದೆ, ಲೋಟ ವಾಲಿಸಿದರೂ ಜಾರಲು ಹಿಂದೆಮುಂದೆ ನೋಡುತ್ತಿದೆ. ಮೆಂತ್ಯ ಮಂದವಾಗಿದೆ. ನಾಲ್ಕನೆಯದರಲ್ಲಿ ಬೂಸಾ ತಳ ಸೇರಿದೆ, ಮೇಲೆ ನೀರು. ಮೂರನೆಯದು, ನಮ್ಮಪ್ಪ ಎರಡು ತಿಂಗಳು ಕುಡಿದದ್ದು, ನೀರಿನ ಹಾಗೆಯೇ ಹರಿಯುತ್ತಿದೆ. ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೆ ಅದು ಆಹಾರವಾಗುತ್ತದೆ, ಮಲಬದ್ಧತೆಗೆ ಉಪಯೋಗವಾಗುತ್ತದೆ. ಆದರೆ ನಾನು ಯಾವುದಕ್ಕೆಂದು ಕಳಿಸಿದೆನೋ ಆ ಕೆಲಸ ಅದರ ಕೈಲಿ ಆಗುವಂಥದ್ದಾಗಿರಲಿಲ್ಲ. ಇಷ್ಟನ್ನು ಒಂದು ಲೋಟ ನೀರು ನನಗೆ ಅವತ್ತೇ ತೋರಿಸುತ್ತಿತ್ತು. ನಾನು ನೋಡಲಿಲ್ಲ, ಡಬ್ಬಿಯ ಮೇಲಿನ ಅಕ್ಷರ ಓದಿದೆ.

ವಿದ್ಯಾರ್ಥಿಗಳೇ, ನೀವೂ ನಾಳೆ ಓದಿ ದೊಡ್ಡ ಊರುಗಳಿಗೆ ಹೋಗುತ್ತೀರಿ. ಅಲ್ಲಿಂದ ಅಪ್ಪ ಅಮ್ಮನಿಗೆ ಏನಾದರೂ ಕಳಿಸುತ್ತೀರಿ. ನೀವು ಹೇಳಿದ್ದನ್ನು ಅವರು ನಂಬುತ್ತಾರೆ. ಆ ನಂಬಿಕೆಗೆ ತಕ್ಕಂತೆ ಮೊದಲು ನೀವು ಪರೀಕ್ಷೆ ಮಾಡಿ ನೋಡಿ, ಗೊತ್ತಿರುವವರನ್ನು ಕೇಳಿ, ಆಮೇಲೆ ಹೇಳಿ. ಹಾಗೆ ಮಾಡಿ ನೋಡುವುದನ್ನು ಈ ಶಾಲೆ ಒಂದು ಹನಿ ಅಯೋಡಿನ್‌ನಲ್ಲಿ ನನಗೆ ಕಲಿಸಿತ್ತು. ನಾನು ಮರೆತಿದ್ದೆ.

ನಮ್ಮ 2004ರ ತಂಡದವರು ಸೇರಿ ಶಾಲೆಯ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು, ಅಯೋಡಿನ್, ಒಂದು ತಕ್ಕಡಿ ಕೊಡುತ್ತಿದ್ದೇವೆ. ಮುಖ್ಯೋಪಾಧ್ಯಾಯರು ದಯವಿಟ್ಟು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ, ಒಡೆದರೂ ಪರವಾಗಿಲ್ಲ, ಮಕ್ಕಳ ಕೈಗೆ ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ.